ಮೂರು ಅಕ್ಷರ, ನಾನೂರು ಅರ್ಥ

(ಆಕಾಶವಾಣಿ ಭಾಷಣ)

ಈ ಮಾತುಗಳನ್ನು ನಿಮ್ಮಲ್ಲಿ ಕೆಲವರಾದರೂ ರೇಡಿಯೋ ಸೆಟ್ಟಿನ ಮುಂದೆ ಕುಳಿತು ಕೇಳುತ್ತಿರಬಹುದು. ಕಿಸೆಯ ಫೋನಿನಲ್ಲಿ ಕೇಳುತ್ತಿರುವವರೂ ಉಂಟು, ಅಂಗಡಿಯವನು ಅದನ್ನೂ ‘ಸೆಟ್’ ಎಂದೇ ಕರೆದು ಮಾರಿರುತ್ತಾನೆ. ಬೆಳಗ್ಗೆ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ತೋಟಕ್ಕೆ ಹೋಗಿ ಪಂಪ್‌ಸೆಟ್ಟಿನ ಗುಂಡಿ ಒತ್ತಿ, ಮಧ್ಯಾಹ್ನ ಮನೆ ಕಟ್ಟುವ ಮೇಸ್ತ್ರಿಯಿಂದ ‘ಕಾಂಕ್ರೀಟು ಇನ್ನೂ ಸೆಟ್ ಆಗಿಲ್ಲ ಸ್ವಾಮಿ’ ಎಂದು ಕೇಳಿಸಿಕೊಂಡು, ಸಂಜೆ ಯಾವುದೋ ಸಿನಿಮಾದ ಸೆಟ್ಟಿಗೆ ಎಷ್ಟು ಹಣ ಸುರಿದರೆಂದು ಹರಟುವ ನಮ್ಮ ರೈತ ಇಂಗ್ಲಿಷು ಕಲಿಸುವ ಶಾಲೆಯ ಹೊಸಿಲನ್ನು ದಾಟಿದವನೇ ಅಲ್ಲದಿರಬಹುದು. ಆದರೂ ಒಂದೇ ದಿನದಲ್ಲಿ ಆ ಪದವನ್ನು ನಾಲ್ಕು ಅರ್ಥಗಳಲ್ಲಿ, ನಾಲ್ಕರಲ್ಲೂ ತಪ್ಪಿಲ್ಲದೆ, ಆತ ಬಳಸಿರುತ್ತಾನೆ.

ಕನ್ನಡದ ಅಧ್ಯಾಪಕನಾಗಿ ಬಾಳನ್ನು ಸವೆಸಿದ ನನಗೆ ಇಂಗ್ಲಿಷಿನ ಈ ಒಂದು ಪದದ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಸುಮಾರು ನಲವತ್ತು ವರ್ಷಗಳಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ ಎಂದಷ್ಟೆ ಈಗ ಹೇಳಿದರೆ ಸಾಕು.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ನಾವು ‘ಸೆಟ್’ ಎನ್ನುವುದು ನೋಡಲು ಒಂದು ಪದ. ಆದರೆ ಅದರೊಳಗೆ ಬೇರೆಬೇರೆ ಊರುಗಳಿಂದ ಹರಿದು ಬಂದ ಎರಡು ಹೊಳೆಗಳು ಕೂಡಿವೆ. ಒಂದು ಇಂಗ್ಲಿಷರ ಮನೆಯದೇ ಆದ ಕ್ರಿಯಾಪದ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಸೆಟ್ಟನ್’. ಇನ್ನೊಂದು ಪರದೇಶದ್ದು. ಲ್ಯಾಟಿನ್ನಿನಲ್ಲಿ ‘ಸೆಕ್ಟ’ ಎಂದರೆ ಅನುಸರಿಸುವವರ ಕೂಟ, ಒಬ್ಬ ಗುರುವಿನ ಹಿಂದೆ ನಡೆಯುವ ಪಂಥ. ಅದು ಹಳೆಯ ಫ್ರೆಂಚಿನಲ್ಲಿ ‘ಸೆಟ್’ ಎಂದು ಸವೆದು ಇಂಗ್ಲಿಷಿಗೆ ಇಳಿಯಿತು. ಪಂಥ ಎಂಬರ್ಥದ ಇಂಗ್ಲಿಷಿನ ‘ಸೆಕ್ಟ್’ ಎಂಬ ಪದ ಇದರ ಒಡಹುಟ್ಟು. ಟೀ ಸೆಟ್ಟು, ಪಂಪ್‌ಸೆಟ್ಟು, ಟೆನಿಸ್ ಆಟದ ಸೆಟ್ಟು ಇವೆಲ್ಲ ಈ ಎರಡನೆಯ ಹೊಳೆಯ ನೀರು. ತಟ್ಟೆಯಲ್ಲಿ ಒಂದರ ಮೇಲೊಂದು ಮಲಗಿರುವ ಮೂರು ದೋಸೆಗಳನ್ನು, ವ್ಯುತ್ಪತ್ತಿಯ ನ್ಯಾಯದಂತೆ, ಒಂದು ಮತಪಂಥವೆಂದೇ ಕರೆಯಬೇಕಾಗುತ್ತದೆ! ಆದರೆ ಕಾಲಕ್ರಮದಲ್ಲಿ ಇಂಗ್ಲಿಷರ ಕಿವಿಗೆ ಈ ಎರಡು ಪದಗಳ ಭೇದ ಅಳಿಸಿಹೋಯಿತು. ‘ಒಟ್ಟಿಗೆ ಇಟ್ಟದ್ದು’ ಎಂಬ ಕ್ರಿಯಾಪದದ ಭಾವವೂ ‘ಒಟ್ಟಿಗೆ ನಡೆಯುವವರು’ ಎಂಬ ನಾಮಪದದ ಭಾವವೂ ಒಂದನ್ನೊಂದು ಬಣ್ಣಗೊಳಿಸಿದವು. ಈಗ ಅವನ್ನು ಬೇರ್ಪಡಿಸಿ ತೋರಿಸುವುದು ಪಂಡಿತರ ಕೆಲಸವೇ ಹೊರತು ಆಡುವವರ ಕೆಲಸವಲ್ಲ.

ಇಲ್ಲಿ ನಮ್ಮವರ ಒಂದು ಜಾಣ್ಮೆಯನ್ನು ನೆನೆಯಬೇಕು. ಗಣಿತದಲ್ಲಿ ‘ಸೆಟ್’ ಎಂಬುದೊಂದು ಮೂಲ ಪರಿಕಲ್ಪನೆ. ಜರ್ಮನಿಯ ಗೇಯೋರ್ಗ್ ಕ್ಯಾಂಟರ್ ಎಂಬ ಗಣಿತಜ್ಞ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳೆಸಿದ ಸಿದ್ಧಾಂತ ಅದು. ಅದು ನಮ್ಮ ಶಾಲೆಯ ಪಠ್ಯಪುಸ್ತಕಗಳಿಗೆ ಬಂದಾಗ ಕನ್ನಡದಲ್ಲಿ ‘ಗಣ’ ಎಂಬ ಹೆಸರು ಸಿಕ್ಕಿತು. ಗಣವೆಂದರೆ ಗುಂಪು, ಗುಂಪು ಮಾತ್ರವಲ್ಲ, ಶಿವನನ್ನು ಅನುಸರಿಸುವ ಪ್ರಮಥರ ಗುಂಪು. ಲ್ಯಾಟಿನ್ನಿನ ‘ಸೆಕ್ಟ’ಕ್ಕೆ ಇದಕ್ಕಿಂತ ಹತ್ತಿರದ ಪದವನ್ನು ಹುಡುಕಲಾದೀತೆ? ಹೆಸರಿಟ್ಟವರು ಇಷ್ಟು ದೂರ ಯೋಚಿಸಿದ್ದರೋ ಇಲ್ಲವೋ, ಪದವಂತೂ ಎರಡೂ ಕಡೆಯಿಂದ ಹೊಂದಿಕೊಂಡಿತು.

ಇನ್ನು ಮೊದಲನೆಯ ಹೊಳೆಗೆ ಬರುತ್ತೇನೆ; ಹೆಚ್ಚು ನೀರಿರುವುದು ಅದರಲ್ಲಿಯೇ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು. ‘ಸೆಟ್ಟನ್’ ಎಂದರೆ ಕೂರಿಸು. ಇಂದಿನ ‘ಸಿಟ್’ ಮತ್ತು ‘ಸೆಟ್’ ಈ ಜೋಡಿಯೇ. ಸ್ವರವೊಂದು ಬದಲಾದರೆ ಮಾಡುವ ಕ್ರಿಯೆ ಮಾಡಿಸುವ ಕ್ರಿಯೆಯಾಗುತ್ತದೆ. ಬೀಳು ಎಂಬ ‘ಫಾಲ್’, ಮರವನ್ನು ಕಡಿದು ಬೀಳಿಸು ಎಂಬ ‘ಫೆಲ್’. ಮಲಗು ಎಂಬ ‘ಲೈ’, ಮಲಗಿಸಿಡು ಎಂಬ ‘ಲೇ’ ಇವೂ ಅಂಥವೇ. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ‘ಇಸು’ ಪ್ರತ್ಯಯ ಹಚ್ಚಿ ಈ ಕೆಲಸ ಮಾಡಿಕೊಳ್ಳುತ್ತೇವೆ: ಓಡು, ಓಡಿಸು, ಕೂರು, ಕೂರಿಸು. ಆದರೆ ಪದದ ಒಡಲನ್ನೇ ಬದಲಿಸುವ ಹಳೆಯ ಪದ್ಧತಿಯೂ ನಮ್ಮಲ್ಲಿತ್ತು ಎಂಬುದಕ್ಕೆ ‘ಉಣ್ಣು’ ಮತ್ತು ‘ಊಡು’ ಸಾಕ್ಷಿಯಾಗಿ ಉಳಿದಿವೆ. ಮಗು ಹಾಲುಣ್ಣುತ್ತದೆ, ತಾಯಿ ಹಾಲೂಡುತ್ತಾಳೆ. ಅಡಗು ಮತ್ತು ಅಡಕು ಕೂಡ ಇದೇ ಬಗೆಯವು. ಹೊರಗಿನ ಪದವೊಂದನ್ನು ಅರ್ಥಮಾಡಿಕೊಳ್ಳಹೊರಟಾಗ ಮನೆಯೊಳಗಿನ ಇಂಥ ಮೂಲೆಗಳು ಕಣ್ಣಿಗೆ ಬೀಳುತ್ತವೆ.

ಈ ‘ಕೂರು’ ಎಂಬ ಭಾವದ ಬೇರು ಇಂಗ್ಲಿಷಿಗಿಂತ ಎಷ್ಟೋ ಹಿಂದಕ್ಕೆ ಹೋಗುತ್ತದೆ. ಸಂಸ್ಕೃತದ ‘ಸದ್’ ಧಾತು ಅದರ ಬಂಧು. ಗುರುವಿನ ಬಳಿ ಕುಳಿತು ಕಲಿಯುವುದು ಉಪನಿಷತ್ತು. ಸುತ್ತ ಕುಳಿತವರದು ಪರಿಷತ್ತು. ಕೂರುವ ಎಡೆ ಸದನ. ಕಲಕಿದ ನೀರಿನಲ್ಲಿ ಕೆಸರು ತಳಕ್ಕೆ ಕುಳಿತು ನೀರು ತಿಳಿಯಾದಾಗ ಅದು ಪ್ರಸನ್ನವಾಯಿತು ಎನ್ನುತ್ತಾರೆ. ಅಲ್ಲಿಯೂ ಇರುವುದು ಅದೇ ಧಾತು. ದೇವಾಲಯದಲ್ಲಿ ಕೈನೀಡಿ ಪಡೆಯುವ ಪ್ರಸಾದಕ್ಕೂ ಮೇಸ್ತ್ರಿಯ ಕಾಂಕ್ರೀಟಿಗೂ ದೂರದ ನೆಂಟಸ್ತನವಿದೆ ಎಂದರೆ ಅತ್ತ ಅರ್ಚಕರೂ ಇತ್ತ ಮೇಸ್ತ್ರಿಯೂ ನಗುವರು. ನಗಲಿ, ನೆಂಟಸ್ತನವಂತೂ ನಿಜ.

‘ಕೂರಿಸು’ ಎಂಬ ಈ ಒಂದು ಬೀಗದ ಕೈಯಿಂದ ಎಷ್ಟು ಬಾಗಿಲುಗಳು ತೆರೆಯುತ್ತವೆ ನೋಡಿ. ಇಂಗ್ಲಿಷಿನವನು ಊಟದ ಮೇಜನ್ನು ಸೆಟ್ ಮಾಡುತ್ತಾನೆ, ಎಂದರೆ ತಟ್ಟೆ ಚಮಚಗಳನ್ನು ಅವುಗಳ ಎಡೆಯಲ್ಲಿ ಕೂರಿಸುತ್ತಾನೆ. ಕೋಳಿಯನ್ನು ಸೆಟ್ ಮಾಡುತ್ತಾನೆ. ನಾವೂ ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಮುರಿದ ಮೂಳೆಯನ್ನು ಸೆಟ್ ಮಾಡುತ್ತಾನೆ, ನಾವು ಕೂಡಿಸುತ್ತೇವೆ. ಉಂಗುರಕ್ಕೆ ಹರಳನ್ನು ಸೆಟ್ ಮಾಡುತ್ತಾನೆ. ನಮ್ಮ ಅಕ್ಕಸಾಲಿ ಹರಳು ಕಟ್ಟುತ್ತಾನೆ. ಇಲಿಗೆ ಬೋನನ್ನು ಸೆಟ್ ಮಾಡುತ್ತಾನೆ; ನಾವು ಬೋನನ್ನು ಒಡ್ಡುತ್ತೇವೆ. ಬೆಂಕಿಯನ್ನು ಸೆಟ್ ಮಾಡುತ್ತಾನೆ. ನಾವು ಹಚ್ಚುತ್ತೇವೆ, ಇಡುತ್ತೇವೆ. ಹಿಂದಿನ ಅಚ್ಚುಕೂಟಗಳಲ್ಲಿ ಮೊಳೆಗಳನ್ನು ಸೆಟ್ ಮಾಡುತ್ತಿದ್ದರು, ನಾವು ಜೋಡಿಸುತ್ತಿದ್ದೆವು. ಗಡಿಯಾರವನ್ನು ಸೆಟ್ ಮಾಡುತ್ತಾನೆ; ನಾವು ಸರಿಪಡಿಸುತ್ತೇವೆ. ನಾಯಿಯನ್ನು ಕಳ್ಳನ ಮೇಲೆ ಸೆಟ್ ಮಾಡುತ್ತಾನೆ. ನಾವು ಛೂ ಬಿಡುತ್ತೇವೆ. ಪ್ರಶ್ನೆಪತ್ರಿಕೆಯನ್ನೂ ಸೆಟ್ ಮಾಡುತ್ತಾನೆ, ಮತ್ತು ಹೀಗೆ ಪತ್ರಿಕೆಯನ್ನು ಸೆಟ್ ಮಾಡಿದವರಲ್ಲಿ ನಾನೂ ಒಬ್ಬ; ಇಲಿಯ ಬೋನಿಗೂ ಪ್ರಶ್ನೆಪತ್ರಿಕೆಗೂ ಒಂದೇ ಕ್ರಿಯಾಪದ ಸಲ್ಲುವುದನ್ನು ಕಂಡು ನನ್ನ ವಿದ್ಯಾರ್ಥಿಗಳಿಗೆ ಆಶ್ಚರ್ಯವೇನೂ ಆಗಲಾರದು.

ಬಡಗಿಯ ಗರಗಸಕ್ಕೂ ಒಂದು ಸೆಟ್ ಉಂಟು. ಗರಗಸದ ಹಲ್ಲುಗಳನ್ನು ಒಂದು ಬಲಕ್ಕೆ, ಮುಂದಿನದು ಎಡಕ್ಕೆ ಎಂಬಂತೆ ತುಸು ಬಾಗಿಸಿರುತ್ತಾರೆ. ಹಾಗೆ ಮಾಡಿದರೆ ಕೊಯ್ತದ ಸೀಳು ಗರಗಸದ ಅಲಗಿಗಿಂತ ಅಗಲವಾಗಿ, ಅಲಗು ಮರದಲ್ಲಿ ಸಿಕ್ಕಿಕೊಳ್ಳದೆ ಓಡಾಡುತ್ತದೆ. ಆ ಬಾಗಿಗೇ ಸೆಟ್ ಎಂದು ಹೆಸರು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಬ್ಬ ಮತ್ತೊಂದನ್ನು ಕೂರಿಸುತ್ತಿದ್ದ. ಇನ್ನೊಂದು ಬಗೆಯಲ್ಲಿ ವಸ್ತು ತಾನೇ ಕೂರುತ್ತದೆ. ಮೊಸರು ಸೆಟ್ ಆಗುತ್ತದೆ, ಹೂವಿನ ಬುಡದಲ್ಲಿ ಕಾಯಿ ಸೆಟ್ ಆಗುತ್ತದೆ, ಸಿಮೆಂಟು ಸೆಟ್ ಆಗುತ್ತದೆ. ಸಿಮೆಂಟಿನ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಅದು ಒಣಗಿ ಗಟ್ಟಿಯಾಗುತ್ತದೆಂದು ಬಹು ಜನ ತಿಳಿದಿದ್ದಾರೆ. ಒಣಗುವುದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುವುದು. ನಮ್ಮ ದೇಶದ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟು ಕಲಸಿದ 30 ನಿಮಿಷಕ್ಕೆ ಮೊದಲು ಸೆಟ್ ಆಗಲು ತೊಡಗಬಾರದು, 600 ನಿಮಿಷಗಳೊಳಗೆ ಪೂರ್ತಿ ಸೆಟ್ ಆಗಿರಬೇಕು. ಆಮೇಲೂ ದಿನಗಟ್ಟಲೆ ನೀರುಣಿಸುವುದು ಈ ಕಾರಣಕ್ಕೇ. ಮೇಸ್ತ್ರಿ ‘ಒಣಗಲಿ’ ಎನ್ನದೆ ‘ಸೆಟ್ ಆಗಲಿ’ ಎನ್ನುತ್ತಾನಲ್ಲ, ಅವನ ಮಾತೇ ಸರಿ.

ಈ ಎರಡನೆಯ ಬಗೆಗೆ ಕನ್ನಡದಲ್ಲಿ ಏನೆನ್ನುತ್ತೇವೆ? ಮೊಸರು ಹೆಪ್ಪು ಕಟ್ಟುತ್ತದೆ. ಗಿಡ ಕಾಯಿ ಕಟ್ಟುತ್ತದೆ. ಹರಳು ಕಟ್ಟುವುದನ್ನು ಆಗಲೇ ಹೇಳಿದೆ. ಬೆಲೆಯನ್ನು ಸೆಟ್ ಮಾಡುವುದಕ್ಕೆ ನಾವು ಬೆಲೆ ಕಟ್ಟುವುದು ಎನ್ನುತ್ತೇವೆ. ಹೀಗೆ ನೋಡುತ್ತ ಹೋದರೆ ಇಂಗ್ಲಿಷಿನವನು ‘ಸೆಟ್’ ಎನ್ನುವ ಎಷ್ಟೋ ಎಡೆಗಳಲ್ಲಿ ಕನ್ನಡಿಗನ ಬಾಯಿಗೆ ತಾನಾಗಿ ಬರುವುದು ‘ಕಟ್ಟು’. ಮತ್ತು ನಮ್ಮ ಈ ‘ಕಟ್ಟು’ ಏನು ಸಾಮಾನ್ಯವೆ? ಹಸುವನ್ನು ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಶುಲ್ಕ ಕಟ್ಟುತ್ತೇವೆ, ಬಾಜಿ ಕಟ್ಟುತ್ತೇವೆ, ಪಕ್ಷ ಕಟ್ಟುತ್ತೇವೆ, ಇಲ್ಲದ ಕತೆ ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ಪಥ್ಯ ಹೇಳಿದರೆ ಬಾಯಿ ಕಟ್ಟಬೇಕು. ಕನ್ನಡ ಕಲಿಯಹೊರಟ ಪರದೇಶದವನೊಬ್ಬ ಈ ಪದದ ಮುಂದೆ ತಲೆಗೆ ಕೈಯಿಟ್ಟು ಕೂರುವುದನ್ನು ನಾನು ಊಹಿಸಬಲ್ಲೆ. ನಮಗೆ ಮಾತ್ರ ಅದು ಒಂದೇ ಪದ. ಅದರಲ್ಲಿ ಇಷ್ಟು ಅರ್ಥಗಳಿವೆಯೆಂದು ಯಾರಾದರೂ ಎಣಿಸಿ ತೋರಿಸುವವರೆಗೆ ತಿಳಿಯುವುದೇ ಇಲ್ಲ.

ಸೂರ್ಯನೂ ಸೆಟ್ ಆಗುತ್ತಾನೆ. ನನಗೆ ಬಹಳ ಪ್ರಿಯವಾದ ಅರ್ಥ ಇದು. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ಒಂದು ಪದವಿತ್ತು, ‘ಸೆಟ್ಲ್‌ಗಾಂಗ್’. ಪೀಠಕ್ಕೆ ಹೋಗುವುದು ಎಂದು ಅದರ ಅಕ್ಷರಾರ್ಥ. ದಿನವಿಡೀ ನಡೆದು ದಣಿದ ಸೂರ್ಯ ಸಂಜೆ ಹೋಗಿ ತನ್ನ ಮಣೆಯ ಮೇಲೆ ಕೂರುತ್ತಾನೆ. ಸಂಸ್ಕೃತದ ‘ಅಸ್ತ’ವನ್ನು ನೋಡಿ. ಈಗ ನಾವು ಅದನ್ನು ಮುಳುಗು, ಅಳಿ ಎಂಬರ್ಥದಲ್ಲಿ ಬಳಸುತ್ತೇವೆ. ಆದರೆ ವೇದದ ಭಾಷೆಯಲ್ಲಿ ‘ಅಸ್ತ’ ಎಂದರೆ ಮನೆ. ಅಲ್ಲಿಯ ಸೂರ್ಯ ಸಂಜೆ ಮನೆಗೆ ಹೋಗುತ್ತಾನೆ. ಕನ್ನಡದಲ್ಲಿ ಹೊತ್ತು ಮುಳುಗುತ್ತದೆ. ಅದಕ್ಕಿಂತ ಹಿಂದೆ ಹೊತ್ತು ‘ಪಡು’ತ್ತಿತ್ತು, ಎಂದರೆ ಬೀಳುತ್ತಿತ್ತು, ಮಲಗುತ್ತಿತ್ತು. ಸೂರ್ಯ ಮೂಡುವ ದಿಕ್ಕು ಮೂಡಣವಾಗಿ, ಪಡುವ ದಿಕ್ಕು ಪಡುವಣವಾಯಿತು. ಒಂದೇ ಸೂರ್ಯ, ಒಂದೇ ಸಂಜೆ. ಒಬ್ಬರಿಗೆ ಕುಳಿತ, ಒಬ್ಬರಿಗೆ ಮನೆ ಸೇರಿದ, ನಮಗೆ ಮಲಗಿದ. ಕಷ್ಟಪಡು, ಸಂತೋಷಪಡು ಎನ್ನುವಾಗ ನಾವು ದಿನಕ್ಕೆ ನೂರು ಬಾರಿ ಬಳಸುವ ‘ಪಡು’ವಿನ ಜೊತೆಗೇ ಆ ಹಳೆಯ ಸೂರ್ಯನೂ ಇದ್ದಾನೆ.

ಇಂಥ ಪದವನ್ನು ನಿಘಂಟಿನಲ್ಲಿ ಹಿಡಿದಿಡುವುದೆಂದರೆ ಹುಡುಗಾಟವಲ್ಲ. ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಕತೆಯನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅದರ ಆಲೋಚನೆ ಮೊಳೆತದ್ದು 1857ರಲ್ಲಿ. ಜೇಮ್ಸ್ ಮರೆ ಎಂಬ ಶಾಲಾ ಉಪಾಧ್ಯಾಯರು ಸಂಪಾದಕತ್ವ ವಹಿಸಿಕೊಂಡದ್ದು 1879ರಲ್ಲಿ. ಮೊದಲ ಸಂಚಿಕೆ ಹೊರಬಂದದ್ದು 1884ರಲ್ಲಿ. ಕೆಲಸ ಮುಗಿದದ್ದು 1928ರಲ್ಲಿ. ಅಷ್ಟರಲ್ಲಿ ಮರೆಯವರು ತೀರಿಕೊಂಡು 13 ವರ್ಷಗಳಾಗಿದ್ದವು. ನಾಲ್ಕು ಲಕ್ಷಕ್ಕೂ ಹೆಚ್ಚು ಪದಗಳು, ಹದಿನೆಂಟು ಲಕ್ಷಕ್ಕೂ ಹೆಚ್ಚು ಪ್ರಯೋಗಗಳ ಉಲ್ಲೇಖಗಳು. ಪ್ರತಿಯೊಂದು ಅರ್ಥಕ್ಕೂ ಅದು ಮೊದಲು ಕಂಡ ಕಾಲವನ್ನು ಬರಹಗಳಿಂದ ಎತ್ತಿ ತೋರಿಸುವ ಕ್ರಮ ಅದು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಈ ಐತಿಹಾಸಿಕ ಕ್ರಮವನ್ನೇ ಹಿಡಿದು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಮಂಗಳೂರಿನಲ್ಲಿ ಕಿಟೆಲ್ಲರು 1894ರಲ್ಲಿ ಒಬ್ಬರೇ ನಿಂತು ಹಾಕಿಕೊಟ್ಟ ತಳಪಾಯ ಅದಕ್ಕೂ ಮೊದಲಿನದು.

ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಸೆಟ್’ ಪದ ಪಾಲಿಗೆ ಬಂದದ್ದು ಹೆನ್ರಿ ಬ್ರಾಡ್ಲಿಯವರಿಗೆ. ಈ ಬ್ರಾಡ್ಲಿ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ, ರೈತನ ಮಗ. ಷೆಫೀಲ್ಡಿನಲ್ಲಿ ಚಾಕು ಕತ್ತರಿ ಮಾಡುವ ಒಂದು ಕಂಪನಿಯಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತರಾಗಿದ್ದುಕೊಂಡು ತಾವೇ ಭಾಷೆಗಳನ್ನು ಕಲಿತವರು. ನಿಘಂಟಿನ ಮೊದಲ ಸಂಚಿಕೆಗೆ ಅವರು ಬರೆದ ವಿಮರ್ಶೆಯನ್ನು ಕಂಡು ಅವರನ್ನು ಕೆಲಸಕ್ಕೆ ಕರೆದುಕೊಂಡರು. ‘ಸೆಟ್’ ಎಂಬ ಕ್ರಿಯಾಪದವೊಂದಕ್ಕೇ ಅವರಿಗೆ ಸುಮಾರು ನಲವತ್ತು ದಿನ ಹಿಡಿಯಿತು. 154 ಮುಖ್ಯ ವಿಭಾಗಗಳಾದವು. ಅವುಗಳಲ್ಲಿ ಕೊನೆಯದಾದ ‘ಸೆಟ್ ಅಪ್’ ಎಂಬುದರ ಒಳಭೇದಗಳನ್ನು ಗುರುತಿಸಲು ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳೆಲ್ಲ ತೀರಿಹೋಗಿ, ಮತ್ತೆ ಮೊದಲಿನಿಂದ ಜೋಡಿ ಅಕ್ಷರಗಳನ್ನು ಹಾಕುತ್ತ ಹೋಗಬೇಕಾಯಿತು. 1989ರ ಎರಡನೆಯ ಆವೃತ್ತಿಯಲ್ಲಿ ಈ ಪದದ ಅರ್ಥಗಳು 430 ಎಂದು ಎಣಿಕೆಯಾಗಿ, ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚು ಅರ್ಥವುಳ್ಳ ಪದವೆಂಬ ಹೆಸರು ಅದಕ್ಕೆ ನಿಂತಿತು. ಆ ಕಿರೀಟ ಈಗ ಅದರ ತಲೆಯ ಮೇಲಿಲ್ಲ. ಮೂರನೆಯ ಆವೃತ್ತಿಗಾಗಿ ‘ರನ್’ ಎಂಬ ಪದವನ್ನು ಪರಿಷ್ಕರಿಸಿದಾಗ ಆ ಕ್ರಿಯಾಪದಕ್ಕೆ 645 ಅರ್ಥಗಳು ದೊರೆತವೆಂದು 2011ರಲ್ಲಿ ಪ್ರಕಟವಾಯಿತು. ಯಂತ್ರಗಳು ಬಂದವು, ಎಲ್ಲವೂ ಓಡತೊಡಗಿದವು. ಕೂರುವ ಪದವನ್ನು ಓಡುವ ಪದ ಹಿಂದೆ ಹಾಕಿತು.

ಸೆಟ್ ಅಪ್ ಎಂದೆನಲ್ಲ, ಕಲಿಯುವವನಿಗೆ ನಿಜವಾದ ಕಂದಕವಿರುವುದು ಅಲ್ಲಿಯೇ. ಕ್ರಿಯಾಪದದ ಹಿಂದೆ ಇಂಗ್ಲಿಷು ಒಂದು ಪುಟ್ಟ ಬಾಲವನ್ನು ಅಂಟಿಸುತ್ತದೆ. ಮಳೆಗಾಲ ಸೆಟ್ ಇನ್ ಆದರೆ ಹಿಡಿದುಕೊಂಡಿತು ಎಂದರ್ಥ. ಪಯಣಿಗ ಸೆಟ್ ಔಟ್ ಆದರೆ ಹೊರಟ. ಪಟಾಕಿಯನ್ನು ಸೆಟ್ ಆಫ್ ಮಾಡಿದರೆ ಸಿಡಿಸಿದ. ಸೆಟ್ ಬ್ಯಾಕ್ ಎಂದರೆ ಹಿನ್ನಡೆ. ಸೆಟ್ ಗೊತ್ತು, ಇನ್, ಔಟ್, ಆಫ್ ಗೊತ್ತು. ಎರಡನ್ನು ಕೂಡಿಸಿದರೆ ಬರುವುದು ಮಾತ್ರ ಗೊತ್ತಿಲ್ಲ. ಇದನ್ನು ಕಂಡು ಇಂಗ್ಲಿಷಿನವರನ್ನು ಹಳಿಯುವ ಹಾಗಿಲ್ಲ. ಅವರು ಬಾಲವನ್ನಿಡುವ ಎಡೆಯಲ್ಲಿ ನಾವು ಇನ್ನೊಂದು ಕ್ರಿಯಾಪದವನ್ನೇ ಇಡುತ್ತೇವೆ. ಹೇಳಿಕೊಳ್ಳುವುದು ಬೇರೆ, ಹೇಳಿಕೊಡುವುದು ಬೇರೆ, ಹೇಳಿಬಿಡುವುದು ಬೇರೆ. ಹಣವನ್ನು ‘ತೆಗೆದಿಟ್ಟ’ ಎಂದರೆ ಜೋಪಾನ ಮಾಡಿದ. ಆಳನ್ನು ‘ತೆಗೆದುಹಾಕಿದ’ ಎಂದರೆ ಕೆಲಸದಿಂದ ಹೊರಗಟ್ಟಿದ. ತೆಗೆ ಎಂಬುದು ಎರಡರಲ್ಲಿಯೂ ಒಂದೇ. ಇಡು, ಹಾಕು ಎಂಬ ಎರಡಕ್ಕೂ ಒಬ್ಬ ಹೊರಗಿನವನಿಗೆ ಏನು ಮಹಾ ವ್ಯತ್ಯಾಸ ಕಂಡೀತು? ಆದರೆ ಉಳಿಸುವುದಕ್ಕೂ ಇಲ್ಲವಾಗಿಸುವುದಕ್ಕೂ ಇರುವಷ್ಟು ಅಂತರ ಅಲ್ಲಿದೆ.

ಈಗ, ಆಮೇಲೆ ಹೇಳುತ್ತೇನೆಂದ ಕಾರಣಕ್ಕೆ ಬರುತ್ತೇನೆ.

1984ರ ಮಾತು. ಎಂ.ಎ. ಮುಗಿಸಿ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿ ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ವಂಶದಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಊರಿನಲ್ಲಿ ದೊಡ್ಡಪ್ಪನಿಗೆ ಹಳ್ಳದ ದಂಡೆಯಲ್ಲಿ ಹದಿನೆಂಟು ಗುಂಟೆ ಜಮೀನಿತ್ತು. ಅದರ ಮೇಲೆ ದಾಯಾದಿಗಳು ದಾವಾ ಹೂಡಿದ್ದರು. ಕೆಳಗಿನ ಕೋರ್ಟಿನಲ್ಲಿ ದೊಡ್ಡಪ್ಪನ ಕಡೆ ತೀರ್ಪಾಗಿತ್ತು. ಸೋತವರು ಜಿಲ್ಲೆಯ ಕೋರ್ಟಿಗೆ ಅಪೀಲು ಹೋಗಿದ್ದರು. ಅದೂ ಮುಗಿದು, ತೀರ್ಪಿನ ನಕಲನ್ನು ಹಿಡಿದುಕೊಂಡು ದೊಡ್ಡಪ್ಪ ನನ್ನ ಕೋಣೆಗೆ ಬಂದರು. ಅವರ ವಕೀಲರು ಆಗ ಹಾಸಿಗೆ ಹಿಡಿದಿದ್ದರು. ಗುಮಾಸ್ತೆ ಕಾಗದವನ್ನು ಕೈಗಿಟ್ಟು, ‘ಯಜಮಾನರು ಎದ್ದ ಮೇಲೆ ಬನ್ನಿ’ ಎಂದು ಕಳುಹಿಸಿದ್ದನಂತೆ.

‘ಏನು ಬರೆದವರೆ ನೋಡು ಮಗ’ ಎಂದು ದೊಡ್ಡಪ್ಪ ಚಾಪೆಯ ಮೇಲೆ ಕುಳಿತರು.

ಹನ್ನೆರಡು ಪುಟಗಳ ಇಂಗ್ಲಿಷು ನನಗೆ ದಾಟಲಾರದ ಕಾಡಾಗಿತ್ತು. ಹಾಗೆಂದು ಹೇಳಲು ನಾಲಗೆ ಏಳಲಿಲ್ಲ. ಕೊನೆಯ ಪುಟದಲ್ಲಿ ಎರಡು ಚಿಕ್ಕ ವಾಕ್ಯಗಳಿದ್ದವು. ‘ದಿ ಅಪೀಲ್ ಈಸ್ ಅಲೌಡ್. ದಿ ಜಡ್ಜ್‌ಮೆಂಟ್ ಅಂಡ್ ಡಿಕ್ರೀ ಆಫ್ ದಿ ಕೋರ್ಟ್ ಬಿಲೋ ಆರ್ ಸೆಟ್ ಅಸೈಡ್.’ ಮೇಜಿನ ಮೇಲಿದ್ದ ಪುಟ್ಟ ನಿಘಂಟನ್ನು ತೆರೆದೆ. ‘ಅಲೌ’ ಎಂದರೆ ಅವಕಾಶ ಕೊಡು. ‘ಸೆಟ್’ ಎಂದರೆ ಇಡು. ‘ಅಸೈಡ್’ ಎಂದರೆ ಬದಿಗೆ. ಕೂಡಿಸಿದೆ. ಅಪೀಲಿಗೆ ಅವಕಾಶ ಕೊಟ್ಟಿದ್ದಾರೆ, ಹಿಂದಿನ ತೀರ್ಪನ್ನು ಸದ್ಯಕ್ಕೆ ಬದಿಗೆ ಇಟ್ಟುಕೊಂಡಿದ್ದಾರೆ. ಅದರ ಕೆಳಗೆ ‘ಆಸ್ ಪ್ರೇಯ್ಡ್ ಫಾರ್’ ಎಂದು ಕೊನೆಯಾಗುವ ಇನ್ನೊಂದು ಸಾಲಿತ್ತು. ಪ್ರಾರ್ಥನೆಯ ಮಾತು, ಕೋರ್ಟಿನ ಮರ್ಯಾದೆಯ ಒಕ್ಕಣೆ ಇರಬೇಕೆಂದು ಅದನ್ನು ಬಿಟ್ಟುಬಿಟ್ಟೆ. ದೊಡ್ಡಪ್ಪನಿಗೆ ಹೇಳಿದೆ: ‘ಏನೂ ಆಗಿಲ್ಲ ದೊಡ್ಡಪ್ಪ. ಅವರ ಅಪೀಲನ್ನು ಈಗ ತಗೊಂಡಿದ್ದಾರೆ. ನಮ್ಮ ತೀರ್ಪನ್ನು ಒಂದು ಕಡೆ ಇಟ್ಟುಕೊಂಡಿದ್ದಾರೆ. ಇನ್ನು ಕೇಸು ನಡೆಯುತ್ತೆ. ಕರೆ ಬರುತ್ತೆ, ಆಗ ಹೋದರಾಯಿತು.’

ಕೋರ್ಟಿನ ಭಾಷೆಯಲ್ಲಿ ಅಪೀಲು ‘ಅಲೌಡ್’ ಆಯಿತೆಂದರೆ ಅಪೀಲು ಹೋದವನು ಗೆದ್ದನೆಂದು ಅರ್ಥ. ತೀರ್ಪು ‘ಸೆಟ್ ಅಸೈಡ್’ ಆಯಿತೆಂದರೆ ಅದು ರದ್ದಾಯಿತೆಂದು ಅರ್ಥ. ಇದೇ ನುಡಿಗಟ್ಟು ಮನೆಯ ಲೆಕ್ಕದಲ್ಲಿ ಬಂದರೆ, ಮಗಳ ಮದುವೆಗೆ ಹಣವನ್ನು ಸೆಟ್ ಅಸೈಡ್ ಮಾಡಿದ್ದೇನೆ ಎಂದರೆ, ಜೋಪಾನವಾಗಿ ತೆಗೆದಿರಿಸಿದ್ದೇನೆ ಎಂದರ್ಥ. ಬದಿಗೆ ಇಟ್ಟದ್ದು ಮುಂದೆ ಬೇಕಾದೀತೆಂದು ಇಟ್ಟದ್ದಾದರೂ ಆಗಬಹುದು, ದಾರಿಗೆ ಅಡ್ಡವೆಂದು ಸರಿಸಿದ್ದಾದರೂ ಆಗಬಹುದು. ಕನ್ನಡದ ಕಿವಿಗೆ ಒಂದು ತೆಗೆದಿಟ್ಟದ್ದು, ಇನ್ನೊಂದು ತೆಗೆದುಹಾಕಿದ್ದು. ಇಂಗ್ಲಿಷಿಗೆ ಎರಡೂ ಒಂದೇ ಮಾತು. ಯಾವುದೆಂದು ತಿಳಿಯಬೇಕಾದರೆ ಮಾತನ್ನಾಡುತ್ತಿರುವವನು ಮನೆಯ ಯಜಮಾನನೋ ನ್ಯಾಯಾಧೀಶನೋ ಎಂದು ನೋಡಬೇಕು. ಆಗ ನನಗೆ ಅಷ್ಟು ಗೊತ್ತಿರಲಿಲ್ಲ.

ಹೈಕೋರ್ಟಿಗೆ ಹೋಗಲು ಕಾನೂನು ಕೊಡುವ ಅವಧಿ 90 ದಿನ. ದೊಡ್ಡಪ್ಪ ನನ್ನ ಮಾತನ್ನು ನಂಬಿ, ಕರೆ ಬರುತ್ತದೆಂದು ಕಾಯುತ್ತ ಆ ಜಮೀನಿಗೆ ರಾಗಿ ಬಿತ್ತಿದರು. ಪೈರು ಮೊಳಕಾಲೆತ್ತರ ಬಂದಿದ್ದಾಗ ಕೋರ್ಟಿನ ಅಮೀನ ಬಂದ. ಅವಧಿ ಮುಗಿದು ಮೂರು ತಿಂಗಳಾಗಿತ್ತು.

ಸುದ್ದಿ ತಿಳಿದು ರಜೆ ಹಾಕಿ ಓಡಿದೆ. ದೊಡ್ಡಪ್ಪನನ್ನು ಕರೆದುಕೊಂಡು ಇನ್ನೊಬ್ಬ ವಕೀಲರ ಬಳಿಗೆ ಹೋದೆ. ಅವರು ಕಾಗದವನ್ನು ನೋಡಿದ ಕೂಡಲೇ, ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂದರು. ನಾನು ನಡೆದದ್ದನ್ನು ಹೇಳಿದೆ. ತಲೆ ಎತ್ತಲಾಗಲಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಮನ್ನಿಸಿಯೇ ಬಿಡುತ್ತಾರೆಂದು ಹೇಳಲಾರೆ, ಆದರೆ ಪ್ರಯತ್ನಿಸಬಹುದು ಎಂದರು. ದೊಡ್ಡಪ್ಪ ಪ್ರಮಾಣಪತ್ರ ಬರೆದುಕೊಡಬೇಕು: ತಮ್ಮನ ಮಗ ಕಾಲೇಜಿನ ಉಪಾಧ್ಯಾಯ, ಅವನು ಆದೇಶವನ್ನು ತಪ್ಪಾಗಿ ಓದಿ ಹೇಳಿದ, ಅದನ್ನು ನಂಬಿ ಸುಮ್ಮನಿದ್ದೆ, ಎಂದು.

ವಕೀಲರು ಕಾಗದ ತೆಗೆದುಕೊಂಡು ನನ್ನ ಹೆಸರು, ಉದ್ಯೋಗ ಕೇಳಿದರು. ನಾನು ಹೇಳಹೊರಟೆ. ದೊಡ್ಡಪ್ಪ ಕೈ ಅಡ್ಡ ಹಿಡಿದರು.

‘ಬ್ಯಾಡಿ ಸ್ವಾಮಿ. ನಮ್ಮ ಹುಡುಗನಿಗೆ ಓದೋಕೆ ಬರಲ್ಲ ಅಂತ ನಾನೇ ಕೋರ್ಟಿಗೆ ಬರೆದುಕೊಡಲಾ?’ ಎಂದು ಎದ್ದು ನಿಂತರು. ನಾನು ಎಷ್ಟು ಬೇಡಿಕೊಂಡರೂ ಮತ್ತೆ ಕೂರಲಿಲ್ಲ.

ಬಸ್ ನಿಲ್ದಾಣದಲ್ಲಿ ನನಗೆ ಕಾಫಿ ಕೊಡಿಸಿದರು. ರಾಗಿಯ ಪೈರನ್ನು ದಾಯಾದಿಗಳೇ ಕೊಯ್ದುಕೊಂಡರೆಂದು ಆಮೇಲೆ ಕೇಳಿದೆ. ದೊಡ್ಡಪ್ಪ ಇನ್ನೂ ಹದಿಮೂರು ವರ್ಷ ಬದುಕಿದ್ದರು. ಊರಿಗೆ ಯಾರದಾದರೂ ಇಂಗ್ಲಿಷ್ ಕಾಗದ ಬಂದರೆ, ‘ನಮ್ಮ ಹುಡುಗ ಬರಲಿ, ಓದಿ ಹೇಳುತ್ತಾನೆ’ ಎಂದು ಅವರು ಆ ಜನವನ್ನು ನನ್ನಲ್ಲಿಗೆ ಕಳುಹಿಸುವುದನ್ನು ಬಿಡಲಿಲ್ಲ. ಅಂಥವರು ಬಂದಾಗಲೆಲ್ಲ ಅವರನ್ನು ಕೂರಿಸಿ, ಆಗ ಸಾಲ ಮಾಡಿ ಕೊಂಡಿದ್ದ ದೊಡ್ಡ ನಿಘಂಟನ್ನು ಇಳಿಸಿ, ಗೊತ್ತಿರುವ ಪದಗಳನ್ನೂ ಒಂದೊಂದಾಗಿ ತೆಗೆದು ನೋಡುತ್ತಿದ್ದೆ.